ಬಾವಿಯವನು

ಕುಣಿಗಲ್ ನನ್ನ ಅವ್ವನ ತವರು. ಆ ಮನೆಯ ಹಿತ್ತಿಲಲ್ಲಿ ಕಲ್ಲು ಕಟ್ಟಿದ ಹಳೆಯ ಬಾವಿಯೊಂದಿತ್ತು. ಬಾವಿಯೊಳಗೆ ಒಂದು ಹಾವಿದೆಯೆಂದು ನಾನು ಹುಟ್ಟುವ ಎಷ್ಟೋ ಮೊದಲಿನಿಂದ ಮನೆಮಂದಿಗೆಲ್ಲ ಗೊತ್ತಿತ್ತು. ಹಾವಿದೆ ಎಂದು ಮಕ್ಕಳಿಗೆ ಒಮ್ಮೆ ಹೇಳಿಟ್ಟ ಮೇಲೆ ಯಾರೂ ಅದನ್ನು ಆ ಹೆಸರಿನಿಂದ ಕರೆಯುತ್ತಿರಲಿಲ್ಲ, ‘ಬಾವಿಯವನು’ ಎನ್ನುತ್ತಿದ್ದರು. ನೀರು ಸೇದುವ ಮುಂಚೆ ಅಜ್ಜಿ ಕೊಡದ ತಳದಿಂದ ಕಟ್ಟೆಗೆ ಎರಡು ಸಲ ತಟ್ಟಿ, “ಪಕ್ಕಕ್ಕೆ ಹೋಗಪ್ಪ” ಎಂದು ಕೂಗಿಯೇ ಕೊಡ ಬಿಡುತ್ತಿದ್ದಳು.

ನಮ್ಮದು ಬಿದಿರಿನ ಕೆಲಸದ ಮನೆತನ. ಮೊರ, ಪುಟ್ಟಿ, ಮಂಕರಿ, ಏಣಿ. ಅಪ್ಪ ತುಮಕೂರಿನ ಶಿರಾ ಗೇಟ್ ಹತ್ತಿರ ಅಂಗಡಿ ಇಟ್ಟಿದ್ದರು, ಮನೆ ಉಪ್ಪಾರಹಳ್ಳಿಯಲ್ಲಿ. ಬೇಸಿಗೆ ರಜೆ ಬಂತೆಂದರೆ ನನ್ನನ್ನು ಕುಣಿಗಲ್ ಬಸ್ಸಿಗೆ ಹತ್ತಿಸುತ್ತಿದ್ದರು. ಅಂಥದೊಂದು ರಜೆಯಲ್ಲಿ, ಎಂಟು ವರ್ಷದವಳಿದ್ದಾಗ, ಬೇಡ ಎಂದಿದ್ದರೂ ಕಟ್ಟೆಯ ಮೇಲೆ ಹೊಟ್ಟೆಯೂರಿ ಒಳಗೆ ಬಗ್ಗಿ ನೋಡಿದೆ. ನೀರಿನಡಿಯಿಂದ ನನ್ನ ತೊಡೆಯಷ್ಟು ದಪ್ಪದ ಕಂದುಬಣ್ಣದ ಮೈಯೊಂದು ಮೇಲೆ ಬಂತು. ಬಂದು, ಸುಮ್ಮನೆ ಹೊರಳಿ, ಕಲ್ಲುಸಂದಿಗೆ ಸೇರಿಕೊಂಡಿತು. ನಾನು ಹಿಂದಕ್ಕೆ ಬಿದ್ದ ಪೆಟ್ಟಿಗೆ ಮೊಣಕೈ ಒಡೆದುಹೋಯಿತು. ಮೂರು ದಿನ ಜ್ವರ ಬಂತು. ಅಲ್ಲಿಂದ ಮುಂದೆ ನಾನು ಆ ಬಾವಿಯ ಹತ್ತಿರ ಸುಳಿಯಲಿಲ್ಲ.

ತೊಂಬತ್ತರ ದಶಕದ ಮೊದಲಲ್ಲಿ ನಾನು ಸಾಗರ ಜೀವಶಾಸ್ತ್ರ ಓದಲು ಮಂಗಳೂರಿಗೆ ಹೋದೆ. ಅಪ್ಪನಿಗೆ ಅದು ಏನು ಓದು, ಯಾಕೆ ಓದು ಎಂದು ಕೊನೆಯವರೆಗೂ ಅರ್ಥವಾಗಲಿಲ್ಲ. ಸಮುದ್ರವನ್ನೇ ಕಾಣದ ಊರಿನವಳಿಗೆ ಅಲ್ಲಿ ಎಲ್ಲವೂ ಹೊಸದು. ಬಟ್ಟೆ ಒಣಗುತ್ತಿರಲಿಲ್ಲ, ಕಬ್ಬಿಣದ ಟ್ರಂಕು ತಿಂಗಳೊಳಗೆ ತುಕ್ಕು ಹಿಡಿಯಿತು. ಮಳೆಗಾಲ ಮುಗಿದ ಒಂದು ಬೆಳಗ್ಗೆ ನಮ್ಮ ಮೇಷ್ಟ್ರು ಐದಾರು ಜನರನ್ನು ನೇತ್ರಾವತಿಯ ಅಳಿವೆಗೆ, ಎಂದರೆ ನದಿ ಸಮುದ್ರ ಸೇರುವ ಜಾಗಕ್ಕೆ, ಕರೆದುಕೊಂಡು ಹೋದರು. ಸೊಳ್ಳೆಪರದೆಯಂಥ ಬಲೆಯನ್ನು ನೀರಿಗೆ ಅಡ್ಡ ಹಿಡಿದು, ಸಿಕ್ಕಿದ್ದನ್ನು ಬಿಳಿ ತಟ್ಟೆಗೆ ಸುರಿದರು. ತಟ್ಟೆಯಲ್ಲಿ ಬರೀ ನೀರಿತ್ತು.

“ಸರಿಯಾಗಿ ನೋಡಿ” ಎಂದರು.

ಜೋಡಿ ಜೋಡಿ ಕಪ್ಪು ಚುಕ್ಕಿಗಳು ಓಡಾಡುತ್ತಿದ್ದವು. ಅವು ಕಣ್ಣುಗಳು. ಕಣ್ಣಿನ ಹಿಂದೆ ಬೆರಳುದ್ದದ ಮೈ ಇತ್ತು, ಆದರೆ ಗಾಜಿನ ಎಳೆಯಂತೆ ಆಚೆಯದೆಲ್ಲ ಕಾಣುವಂಥದು. ಹಾವುಮೀನಿನ ಮರಿಗಳು, ಎಂದರು ಮೇಷ್ಟ್ರು. ಎಲ್ಲೋ ಆಳಸಮುದ್ರದಲ್ಲಿ ಹುಟ್ಟಿ, ತಿಂಗಳುಗಟ್ಟಲೆ ತೇಲಿ ಬಂದು, ನದಿಯ ಸಿಹಿನೀರಿನ ವಾಸನೆ ಹಿಡಿದು ಹೊಳೆ ಹತ್ತುತ್ತವೆ. ಹೊಳೆಯಲ್ಲೋ ಮಡುವಿನಲ್ಲೋ ವರ್ಷಗಟ್ಟಲೆ ಬೆಳೆದು, ಒಂದು ಮಳೆಗಾಲ ಇದ್ದಕ್ಕಿದ್ದಂತೆ ಇಳಿದು ಮತ್ತೆ ಸಮುದ್ರಕ್ಕೆ ಹೋಗುತ್ತವೆ. ಅಲ್ಲಿ ಮೊಟ್ಟೆಯಿಟ್ಟು ಸಾಯುತ್ತವೆ. ನಮ್ಮ ಕಡೆಯ ಹಾವುಮೀನು ಎಲ್ಲಿ ಮೊಟ್ಟೆಯಿಡುತ್ತದೆಂದು ಕಣ್ಣಾರೆ ಕಂಡವರು ಯಾರೂ ಇಲ್ಲ.

ಮಧ್ಯಾಹ್ನ ಲ್ಯಾಬಿಗೆ ಮರಳಿದಾಗ, ಬೆಳೆದ ಹಾವುಮೀನು ಹೇಗಿರುತ್ತದೆಂದು ತೋರಿಸಲು ಕಪಾಟಿನಿಂದ ದೊಡ್ಡ ಗಾಜಿನ ಜಾಡಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಸುರುಳಿ ಸುತ್ತಿಕೊಂಡ ಕಂದುಮೈ. ಅಗಲ ಬಾಯಿ. ಎಂಟು ವರ್ಷದವಳಾಗಿ ಕಟ್ಟೆಯಿಂದ ಬಿದ್ದದ್ದು ಮತ್ತೊಮ್ಮೆ ಆದಂತಾಯಿತು. ಸ್ಟೂಲು ಎಳೆದುಕೊಂಡು ಕೂತೆ.

“ಸಾರ್, ಇದು ನಮ್ಮಜ್ಜಿ ಮನೆ ಬಾವಿಯಲ್ಲಿದೆ.”

“ಎಲ್ಲಿ ಅಜ್ಜಿ ಮನೆ?”

“ಕುಣಿಗಲ್.”

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. “ಕುಣಿಗಲ್‌ನಲ್ಲಿ ಎಲ್ಲಿಂದ ಬರಬೇಕು? ಕೇರೆಹಾವೋ ನೀರುಹಾವೋ ನೋಡಿದ್ದೀರಿ ನೀವು.”

ದಸರಾ ರಜೆಗೆ ಊರಿಗೆ ಬಂದವಳು ತುಮಕೂರಿನಲ್ಲಿ ಒಂದೇ ದಿನ ಇದ್ದು ಕುಣಿಗಲ್‌ಗೆ ಓಡಿದೆ. ಬೆಳಗಿನ ಹೊತ್ತು ಕನ್ನಡಿ ಹಿಡಿದು ಬಿಸಿಲನ್ನು ಬಾವಿಯೊಳಕ್ಕೆ ತಿರುಗಿಸಿ, ಒಂದು ತುಂಡು ಕೋಳಿಯ ಕರುಳನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟೆ. ಸ್ವಲ್ಪ ಹೊತ್ತಿಗೆ ತಲೆ ಸಂದಿಯಿಂದ ಹೊರಬಂತು. ತಲೆಯ ಹಿಂದೆ ಎರಡು ಕಡೆಯೂ ವೀಳ್ಯದೆಲೆಯಂಥ ಪುಟ್ಟ ಈಜುರೆಕ್ಕೆಗಳಿದ್ದವು. ಹಾವಿಗೆ ರೆಕ್ಕೆ ಇರುವುದಿಲ್ಲ.

“ಅಜ್ಜಿ! ಇದು ಹಾವಲ್ಲ, ಮೀನು!” ಎಂದು ಕಿರುಚಿದೆ.

ಅಜ್ಜಿ ಹಿತ್ತಿಲ ಬಾಗಿಲಲ್ಲಿ ಕೂತು ಬಿದಿರು ಸೀಳುತ್ತಿದ್ದಳು. ತಲೆ ಎತ್ತಲೂ ಇಲ್ಲ. “ಮೀನೇ ಕಣ್ ಮಗ. ಅದಕ್ಯಾಕೆ ಹಂಗ್ ಬಡ್ಕೊಳ್ತೀಯ?”

“ಗೊತ್ತಿತ್ತಾ ನಿಂಗೆ? ಮತ್ತೆ ಹಾವು ಅಂತ ಯಾಕೆ ಹೇಳ್ತಿದ್ರಿ?”

“ಹಾವು ಅಂದ್ರೆ ಮಕ್ಳು ಬಾವಿ ತಾವ್ ಹೋಗಲ್ಲ ಅಂತ ನಮ್ಮತ್ತೆ ಶುರು ಮಾಡಿದ್ದು. ನಿಮ್ಮವ್ವಂಗೂ ಹಂಗೇ ಹೇಳಿದ್ದೆ. ದೊಡ್ಡೋಳಾದ್ ಮೇಲೆ ಅವ್ಳು ಕೇಳ್ಳಿಲ್ಲ, ನಾನು ಹೇಳ್ಳಿಲ್ಲ.”

ನಾನು ಪೆದ್ದಿಯಂತೆ ನಿಂತೆ. ಆಮೇಲೆ ಅಜ್ಜಿ ಕೆಲಸ ನಿಲ್ಲಿಸದೆ ಹೇಳಿದ್ದಿಷ್ಟು: ಅವಳ ಮಾವನವರು ಬಿದಿರು ತರಲು ಗಾಡಿ ಕಟ್ಟಿಕೊಂಡು ಹುಲಿಯೂರುದುರ್ಗದ ಮೇಲೆ ಮಳವಳ್ಳಿ ದಾಟಿ, ಶಿಂಶಾ ಕಾವೇರಿಗೆ ಸೇರುವ ಕಡೆಯ ಕಾಡಿಗೆ ಹೋಗುತ್ತಿದ್ದರಂತೆ. ಒಂದು ಸಲ ಹೊಳೆಯಲ್ಲಿ ಸಿಕ್ಕ ಗೇಣುದ್ದದ ಹಾವುಮೀನನ್ನು ನೀರು ತುಂಬಿದ ಬಿದಿರಂಡೆಯಲ್ಲಿ ಹಾಕಿ, ದಾರಿಯುದ್ದಕ್ಕೂ ನೀರು ಬದಲಾಯಿಸುತ್ತ ತಂದರಂತೆ. ಹುಳಹುಪ್ಪಟೆ ತಿಂದು ಬಾವಿ ಚೊಕ್ಕಟವಾಗಿ ಇಡುತ್ತದೆ ಎಂದು.

“ನಾನು ಈ ಮನೆಗೆ ಸೊಸೆಯಾಗಿ ಬಂದಾಗ್ಲೇ ತೋಳುದ್ದ ಇದ್ದ” ಎಂದಳು ಅಜ್ಜಿ.

ಅಜ್ಜಿ ಮೈನೆರೆಯುವ ಮೊದಲೇ ಮದುವೆಯಾದವಳು. ಅಂದರೆ ಈ ಜೀವ ನನ್ನ ಅವ್ವನಿಗಿಂತ ದೊಡ್ಡದು, ಅಜ್ಜಿಯ ಓರಗೆಯದು. ಎಲ್ಲೋ ಕಾಣದ ಕಡಲಿನಲ್ಲಿ ಹುಟ್ಟಿ, ತಮಿಳುನಾಡಿನ ಅಷ್ಟೂ ಉದ್ದ ಕಾವೇರಿಯನ್ನು ಹತ್ತಿ ಬಂದು, ನಮ್ಮ ಹಿತ್ತಿಲಲ್ಲಿ ಕೊಡದ ಸದ್ದಿಗೆ ಪಕ್ಕಕ್ಕೆ ಸರಿಯುತ್ತ ಕೂತಿತ್ತು. ಅದು ಹತ್ತಿ ಬಂದ ದಾರಿಗೆ ಈಗ ದೊಡ್ಡ ಅಣೆಕಟ್ಟು ಅಡ್ಡ ನಿಂತಿದೆ. ಆ ದಿನ ನನಗೆ ಅನ್ನ ಸೇರಲಿಲ್ಲ. ನಾನು ಸಮುದ್ರ ಕಂಡಿರದ ಊರಿನವಳು ಎಂದುಕೊಂಡಿದ್ದೆ. ಸಮುದ್ರದ ಪ್ರಾಣಿಯೊಂದು ಬಿದ್ದಿದ್ದ ನೀರನ್ನು ಪ್ರತಿ ಬೇಸಿಗೆಯೂ ಕುಡಿದು ಬೆಳೆದಿದ್ದೆ.

ಓದು ಮುಗಿಸಿ ಬಂದ ಮೇಲೆ ಗುಬ್ಬಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವ ಕೆಲಸ ಸಿಕ್ಕಿತು. ದಿನಾ ತುಮಕೂರಿನಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಮಕ್ಕಳಿಗೆ ಕಪ್ಪೆಯ ಹೃದಯ, ಜಿರಳೆಯ ಬಾಯಿ ಕಲಿಸುತ್ತ ಹತ್ತು ವರ್ಷ ಕಳೆದುಹೋಯಿತು. ಕುಣಿಗಲ್‌ಗೆ ಹೋದಾಗಲೆಲ್ಲ ಬಾವಿ ಬಗ್ಗಿ ನೋಡುತ್ತಿದ್ದೆ. ಪ್ರತಿ ಸಲವೂ ನೀರು ಇನ್ನಷ್ಟು ಕೆಳಗಿರುತ್ತಿತ್ತು. ಮಳೆ ಬಂದಾಗ ಮನೆಯ ಹಿಂದಿನ ಹಳ್ಳ ಹರಿದು, ಬಾವಿಯ ಪಕ್ಕದ ನೆಲವೆಲ್ಲ ನೆಂದು, ಉಳಿದದ್ದು ಕೆರೆಗೆ ಹೋಗುತ್ತಿತ್ತು. ಆ ಹಳ್ಳದ ಮೇಲೆ ಸೈಟುಗಳಾದವು. ಮನೆಗೊಂದು ಬೋರ್‌ವೆಲ್ ಬಂತು. ಓದಿದವಳು ನಾನು, ಕಾರಣ ನನಗೆ ಗೊತ್ತಿತ್ತು. ಗೊತ್ತಿದ್ದೂ ಯಾರಿಗೂ ಏನೂ ಹೇಳಲಿಲ್ಲ, ಏನೂ ಮಾಡಲಿಲ್ಲ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಎರಡು ಸಾವಿರದ ಇಸವಿಯ ಆಚೆಗೆ ಮಳೆ ಸತತವಾಗಿ ಕೈಕೊಟ್ಟಿತು. ಒಂದು ಸಂಜೆ ಮಾವ ಫೋನ್ ಮಾಡಿದರು. ಅವ್ವನ ತಮ್ಮ, ಆ ಮನೆಯ ಯಜಮಾನ, ಇನ್ನೂ ಬಿದಿರಿನ ಕೆಲಸ ಬಿಡದವರು.

“ಅಮ್ಮಿ, ನಾಳಿದ್ದು ಬಾವಿ ಮುಚ್ಚಿಸ್ತೀವಿ. ಮೇಲೊಂದು ರೂಮ್ ಹಾಕ್ಸಣ ಅಂತ. ಹೇಳ್ಬೇಕು ಅನ್ನಿಸ್ತು, ಹೇಳ್ದೆ.”

“ಮಾವ, ಬಾವಿಯವನು?”

“ಮೊಣಕಾಲುದ್ದ ಕೆಸರೂ ಇಲ್ಲ ಕಣಮ್ಮಿ. ಸತ್ತೋಗಿರ್ತದೆ ಬುಡು.”

ಮರುದಿನ ಕಾಲೇಜಿಗೆ ರಜೆ ಹಾಕಿ ಕುಣಿಗಲ್ ಬಸ್ಸು ಹತ್ತಿದೆ. ನಾಳಿದ್ದು ಎಂದಿದ್ದಾರಲ್ಲ, ಕೂತು ಮಾತಾಡಬಹುದು ಎಂದುಕೊಂಡಿದ್ದೆ. ಹಿತ್ತಿಲಿಗೆ ಕಾಲಿಟ್ಟರೆ ಟ್ರಾಕ್ಟರ್ ನಿಂತಿತ್ತು. ಕಲ್ಲುಮಣ್ಣಿನ ಒಂದು ರಾಶಿ ಬಾವಿಯ ಪಕ್ಕದಲ್ಲಿ ಸುರಿದಿತ್ತು, ಅರ್ಧದಷ್ಟು ಆಗಲೇ ಒಳಗೆ ಬಿದ್ದಿತ್ತು. ಕಟ್ಟೆಯ ಮೇಲೆ, ಎಂಬತ್ತು ದಾಟಿದ ನನ್ನ ಅಜ್ಜಿ, ಕಾಲುಗಳನ್ನು ಬಾವಿಯೊಳಕ್ಕೆ ಇಳಿಬಿಟ್ಟು ಕೂತಿದ್ದಳು. ಮಾವ ಎರಡಡಿ ದೂರದಲ್ಲಿ ನಿಂತು ಕೈಮುಗಿಯುತ್ತಿದ್ದರು. ಹತ್ತಿರ ಹೋದರೆ ಎಲ್ಲಿ ಬಿದ್ದುಬಿಡುತ್ತಾಳೋ ಎಂದು ಭಯ.

“ಅವ್ವ, ಈ ಕಡೀಕೆ ಬಾ. ನಿಂಗೇನಾರ ಆದ್ರೆ ನಾನೇನ್ ಮಾಡ್ಲಿ?”

“ಅವ್ನು ಒಳಗೆ ಹೊರಳಾಡ್ತಾವ್ನೆ. ಕೇಳಿಸ್ತು ನಂಗೆ. ನೀನು ಮಣ್ಣು ಹಾಕೋದಾದ್ರೆ ನನ್ ಮೇಲೇ ಹಾಕ್ಲಾ.”

ಹಿಂದಿನಿಂದ ಹೋಗಿ ಅಜ್ಜಿಯ ಸೊಂಟ ಹಿಡಿದುಕೊಂಡೆ. “ನಾಳಿದ್ದು ಅಂದಿದ್ರಲ್ಲ ಮಾವ!” ಎಂದೆ. “ಟ್ರಾಕ್ಟರು ಇವತ್ತೇ ಬಿಡುವಾಗಿತ್ತು” ಎಂದರು ಮಾವ, ನೆಲ ನೋಡುತ್ತ.

ಅಜ್ಜಿಯನ್ನು ಕಟ್ಟೆಯಿಂದ ಇಳಿಸಿ, ಟ್ರಾಕ್ಟರ್ ಕಳಿಸಿದ ಮೇಲೆ ಮಾವ ಅಟ್ಟ ಹತ್ತಿ ಕೂಳಿ ಹುಡುಕಿ ತಂದರು. ಕೂಳಿ ಎಂದರೆ ಬಿದಿರುಕಡ್ಡಿಯಲ್ಲಿ ಹೆಣೆದ ಮೀನಿನ ಬುಟ್ಟಿ. ಒಳಗೆ ನುಗ್ಗಿದ ಮೀನು ಹೊರಗೆ ಬರುವುದಕ್ಕೆ ಆಗುವುದಿಲ್ಲ. ಅವರ ಅಪ್ಪ ಹೆಣೆದದ್ದು, ಗೆದ್ದಲು ತಿಂದಿತ್ತು. ಮಾವ ಅಲ್ಲೇ ಕೂತು ಹೊಸ ಕಡ್ಡಿ ಸೇರಿಸಿ, ಬಾಯಿಯನ್ನು ಅಗಲ ಮಾಡಿ ಹೆಣೆದರು. ಅವರ ಕೈ ಎಷ್ಟು ಬೇಗ ಓಡುತ್ತಿತ್ತೆಂದರೆ ಬೆರಳು ಕೊಯ್ದುಕೊಂಡದ್ದು ಅವರಿಗೆ ಗೊತ್ತಾಗಲಿಲ್ಲ. ಕೋಳಿಯ ಕರುಳು ಕಟ್ಟಿ, ಏಣಿ ಇಳಿದು, ಬಿದ್ದ ಕಲ್ಲುಗಳ ನಡುವಿನ ಕೆಸರಿನಲ್ಲಿ ಹಗ್ಗ ಕಟ್ಟಿದ ಕೂಳಿ ಇಟ್ಟು ಮೇಲೆ ಬಂದರು. ಮೂವರೂ ಕಾದೆವು. ಬಿಸಿಲು ನೆತ್ತಿಗೆ ಬಂದಾಗ ಹಗ್ಗ ಜಗ್ಗಿತು.

ಮೇಲೆ ಎಳೆದು, ನೀರು ತುಂಬಿದ ಸಿಮೆಂಟ್ ತೊಟ್ಟಿಗೆ ಸುರಿದೆವು. ಕೆಸರು ತೊಳೆದುಹೋದ ಮೇಲೆ ಅದರ ಪೂರ್ತಿ ರೂಪ ಕಂಡಿತು. ನನ್ನ ಎದೆ ಮಟ್ಟದಷ್ಟು ಉದ್ದ. ಬೆನ್ನಿನ ಮೇಲೆ ಕಲ್ಲು ತರಚಿದ ಹಸಿ ಗಾಯ. ಹೊಟ್ಟೆ ಈಗಷ್ಟೇ ಕಲಾಯಿ ಹಾಕಿದ ಪಾತ್ರೆಯಂತೆ ಬೆಳ್ಳಗೆ ಹೊಳೆಯುತ್ತಿತ್ತು. ಕಣ್ಣುಗಳು ದೊಡ್ಡ ಗೋಲಿಗಳಷ್ಟು, ತಲೆಗೆ ಹೊಂದದಷ್ಟು ದೊಡ್ಡವು. ನಾನು ಪುಸ್ತಕದಲ್ಲಿ ಓದಿದ್ದೆ. ಸಮುದ್ರಕ್ಕೆ ಹೊರಡುವ ಕಾಲ ಬಂದಾಗ ಹಾವುಮೀನಿನ ಹೊಟ್ಟೆ ಬೆಳ್ಳಿಯಾಗುತ್ತದೆ, ಆಳದ ಕತ್ತಲಲ್ಲಿ ಕಾಣಲೆಂದು ಕಣ್ಣು ದೊಡ್ಡದಾಗುತ್ತದೆ. ಓದಿದ್ದು ತೊಟ್ಟಿಯಲ್ಲಿ ಉಸಿರಾಡುತ್ತಿತ್ತು. ಎಷ್ಟು ವರ್ಷದಿಂದ ಹೀಗೆ ಸಿದ್ಧವಾಗಿ ಕೂತಿತ್ತೋ, ಎಷ್ಟು ಮಳೆಗಾಲ ಹೊರಡಬೇಕೆಂದು ಆ ಕಲ್ಲುಗೋಡೆಯ ಸುತ್ತ ತಿರುಗಿತ್ತೋ.

“ಯಾಕಮ್ಮಿ ಅಳ್ತೀಯ?” ಎಂದರು ಮಾವ.

“ಇವನಲ್ಲ ಮಾವ, ಇವಳು. ಇಷ್ಟು ದೊಡ್ಡದಾಗೋದು ಹೆಣ್ಣೇ. ಸಮುದ್ರಕ್ಕೆ ಹೋಗಿ ಮೊಟ್ಟೆ ಇಡೋದಕ್ಕೆ ತಯಾರಾಗಿರೋ ಹಂಗಿದೆ.”

ಅಜ್ಜಿ ತೊಟ್ಟಿಯ ಅಂಚು ಹಿಡಿದು ನಿಂತಿದ್ದವಳು ಅಲ್ಲೇ ಕುಸಿದು ಕೂತಳು. ಬಾಯಿಗೆ ಸೆರಗು ಅಡ್ಡ ಹಿಡಿದಳು. ಅವಳ ಮುಖ ಹಾಗೆ ಬಿಳಿಚಿಕೊಂಡದ್ದನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

“ಹೆಣ್ಣಾ?” ಎಂದಳು. ಮತ್ತೆ, “ಬಸುರಿ ಹೆಂಗಸನ್ನ ಇಷ್ಟು ವರ್ಷ ಬಾವೀಲಿ ಕೂಡಾಕ್ಕೊಂಡಿದ್ವಾ ಮಗ?”

“ಬಸುರಿ ಅಂತಲ್ಲ ಅಜ್ಜಿ…” ಎಂದು ಶುರು ಮಾಡಿದೆ.

“ಕರ್ಕೊಂಡೋಗಿ ಬಿಟ್ಟು ಬನ್ನಿ. ಎಲ್ಲಿಗ್ ಹೋಗ್ಬೇಕೋ ಅಲ್ಲಿಗೆ. ಇವತ್ತೇ.”

ಎಲ್ಲಿಗೆಂಬುದೇ ಪ್ರಶ್ನೆ. ಕೆರೆಗೆ ಬಿಡೋಣವೆಂದರೆ ಕೆರೆಯ ಅಂಗಳದಲ್ಲಿ ದನ ಮೇಯುತ್ತಿದ್ದವು. ಕಾವೇರಿಗೆ ಬಿಟ್ಟರೆ ಅಣೆಕಟ್ಟು ಅಡ್ಡ, ಅದರಾಚೆ ಆ ವರ್ಷ ಹೊಳೆಯೂ ಬರಿದು. ಎಸ್‌ಟಿಡಿ ಬೂತಿಗೆ ಹೋಗಿ ಮಂಗಳೂರಿನ ಮೇಷ್ಟ್ರಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

“ನಾನು ಅವತ್ತು ನಕ್ಕಿದ್ದೆ ಅಲ್ವಾ?” ಎಂದರು. ಆಮೇಲೆ, “ಇಲ್ಲಿಗೇ ತನ್ನಿ. ಆ ಜಾತಿ ಈ ಕರಾವಳಿಯಲ್ಲೂ ಇದೆ. ಅದು ಬಂದದ್ದು ಪೂರ್ವದ ಕಡಲಿನಿಂದ, ನಿಜ. ಆದರೆ ದಕ್ಷಿಣಕ್ಕೆ ಹೋದರೆ ಎರಡು ಕಡಲೂ ಒಂದೇ ನೀರು. ಕಣ್ಣಿನ ವಿಷಯ ಮಾತ್ರ ನನಗೆ ಖಾತ್ರಿಯಿಲ್ಲ. ಕತ್ತಲಲ್ಲಿ ಇದ್ದೂ ಇದ್ದೂ ಹಾಗಾಗಿರಲೂಬಹುದು.”

ಮಂಗಳೂರಿನ ಮೀನು ಲಾರಿಗಳು ಬೆಂಗಳೂರಿನಲ್ಲಿ ಸರಕು ಇಳಿಸಿ, ಬೆಳಗ್ಗೆ ಕುಣಿಗಲ್ ರಸ್ತೆಯ ಹೋಟೆಲೊಂದರ ಮುಂದೆ ತಿಂಡಿಗೆ ನಿಲ್ಲುತ್ತಿದ್ದವು. ಮರುದಿನ ಮಾವನೂ ನಾನೂ ಪ್ಲಾಸ್ಟಿಕ್ ಡ್ರಮ್ಮಿನೊಂದಿಗೆ ಅಲ್ಲಿ ಕಾದು ನಿಂತೆವು. ಒಬ್ಬ ಡ್ರೈವರ್ ಮುಚ್ಚಳ ತೆಗೆದು ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

“ಎಂತ ಮಾರಾಯ್ರೆ ಇದು! ನಮ್ಮ ಹೊಳೆಯ ಮೀನು ಇಲ್ಲಿ ಎಂತ ಮಾಡ್ತದೆ?”

ಮಾವ ಹೇಳಿದ ಕತೆಯನ್ನೆಲ್ಲ ಕೇಳಿ, ಅವನು ನಂಬಿದನೋ ಇಲ್ಲವೋ ಗೊತ್ತಿಲ್ಲ, ಡ್ರಮ್ಮಿನ ನೀರನ್ನು ಮುಕ್ಕಾಲು ಚೆಲ್ಲಿಸಿದ. “ಇಷ್ಟು ನೀರಲ್ಲಿ ಕುಲುಕಿ ಕುಲುಕಿಯೇ ಸಾಯ್ತದೆ. ಮೈ ಒದ್ದೆ ಇದ್ರೆ ಸಾಕು, ತಂಪಿರ್ಬೇಕು” ಎಂದು ಗೋಣಿಚೀಲ ನೆನೆಸಿ ಹೊದಿಸಿ, ಲಾರಿಯಲ್ಲಿ ಉಳಿದಿದ್ದ ಐಸನ್ನು ಪಕ್ಕಕ್ಕೆ ಒತ್ತಿಟ್ಟ. ಹಾಸನ, ಸಕಲೇಶಪುರ, ಶಿರಾಡಿ ಘಾಟಿ. ಅವನು ನಿಲ್ಲಿಸಿದಲ್ಲೆಲ್ಲ ನಾನು ಇಳಿದು ಮುಚ್ಚಳ ತೆಗೆದು ಗೋಣಿಯ ಮೇಲೆ ಕೈಯಿಟ್ಟು ನೋಡುತ್ತಿದ್ದೆ. ಘಾಟಿ ಇಳಿದ ಮೇಲೆ ನೋಡಿದಾಗ ಅದು ಅಲುಗಲಿಲ್ಲ. ಬೆರಳಿನಿಂದ ಒತ್ತಿದೆ, ಅಲುಗಲಿಲ್ಲ. ಮಾವನಿಗೆ ಹೇಳಲಿಲ್ಲ. ಉಳಿದ ದಾರಿಯನ್ನು ಸತ್ತ ಮೀನಿನ ಜೊತೆ ಹೋಗುತ್ತಿದ್ದೇನೆಂದುಕೊಂಡೇ ಕಳೆದೆ.

ಅಳಿವೆ ತಲುಪಿದಾಗ ಇಳಿಬಿಸಿಲು. ಮೇಷ್ಟ್ರು ಕಾಯುತ್ತಿದ್ದರು, ತಲೆ ಪೂರ್ತಿ ನರೆತಿತ್ತು. ಇಳಿತ ಈಗಷ್ಟೇ ಶುರುವಾಗಿದೆ, ನೀರು ಸಮುದ್ರದ ಕಡೆಗೆ ಎಳೆಯುತ್ತಿದೆ, ಒಳ್ಳೆಯ ಹೊತ್ತು ಎಂದರು. ಮಾವ ಪಂಚೆ ಎತ್ತಿ ಕಟ್ಟಿ ನೀರಿಗಿಳಿದರು. ಸಮುದ್ರವನ್ನು ಅವರು ನೋಡಿದ್ದು ಅದೇ ಮೊದಲು. ಆದರೆ ಅವರ ಕಣ್ಣು ಡ್ರಮ್ಮಿನ ಮೇಲೇ ಇತ್ತು. ಇಬ್ಬರೂ ಸೇರಿ ಅದನ್ನು ಓರೆ ಮಾಡಿದೆವು. ಬಾವಿಯವಳು ನೀರಿಗೆ ಜಾರಿ, ಮರಳಿನ ಮೇಲೆ ತುಂಡು ಹಗ್ಗದಂತೆ ಬಿದ್ದುಕೊಂಡಳು. ಒಂದು ಅಲೆ ಬಂದು ಮಗುಚಿತು. ಬಿಳಿ ಹೊಟ್ಟೆ ಮೇಲಾಯಿತು.

“ಹೋಯ್ತಾ?” ಎಂದರು ಮಾವ.

ಎರಡನೆಯ ಅಲೆಗೆ ಕಿವಿರು ತೆರೆಯಿತು. ಮೂರನೆಯದಕ್ಕೆ ಮೈ ತಾನಾಗಿ ಹೊರಳಿತು. ತಲೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಆಡಿತು. ನಾನು ಕಣ್ಣು ರೆಪ್ಪೆ ಬಡಿದು ನೋಡುವಷ್ಟರಲ್ಲಿ ಅಲ್ಲಿ ಮರಳು ಮಾತ್ರ ಇತ್ತು. ನಾನು ಮೊಣಕಾಲುದ್ದ ನೀರಿನಲ್ಲಿ ಬಾಯಿ ತೆರೆದು ನಿಂತಿದ್ದೆ. ಅಷ್ಟು ವರ್ಷ ಒಂದೇ ಬಾವಿಯಲ್ಲಿ ಬದುಕಿದವಳಿಗೆ ದಾರಿಯ ಬಗ್ಗೆ ಒಂದು ಗಳಿಗೆಯ ಅನುಮಾನವೂ ಇರಲಿಲ್ಲ.

ಮನೆಗೆ ಬಂದಾಗ ಅಜ್ಜಿ ಎರಡೇ ಪ್ರಶ್ನೆ ಕೇಳಿದಳು. ದಾರಿ ಗೊತ್ತಾಯಿತಾ ಅವಳಿಗೆ? ಅಲ್ಲಿ ಏನು ತಿನ್ನುತ್ತಾಳೆ? ಮೊದಲನೆಯದಕ್ಕೆ ಹೂಂ ಎಂದೆ. ಎರಡನೆಯದಕ್ಕೆ ಸುಳ್ಳು ಹೇಳಬೇಕೆಂದು ದಾರಿಯಲ್ಲೇ ಅಂದುಕೊಂಡಿದ್ದೆ, ಆಗಲಿಲ್ಲ.

“ಏನೂ ತಿನ್ನಲ್ಲ ಅಜ್ಜಿ. ಅಷ್ಟು ದೂರ ಉಪವಾಸವೇ ಹೋಗುತ್ತೆ. ಮೊಟ್ಟೆ ಇಟ್ಟು ಸಾಯುತ್ತೆ.”

ಅಜ್ಜಿ ನನ್ನನ್ನೇ ನೋಡಿದಳು. “ಗೊತ್ತಿದ್ದೂ ಬಿಟ್ಟು ಬಂದ್ಯಾ?” ಎಂದಳು. ಅದು ಬೈಗುಳವೋ ಮೆಚ್ಚುಗೆಯೋ ನನಗೆ ತಿಳಿಯಲಿಲ್ಲ. ಕಣ್ಣಿನ ಬಗ್ಗೆ ಮೇಷ್ಟ್ರಿಗಿದ್ದ ಅನುಮಾನವನ್ನು ನಾನು ಅವಳಿಗೆ ಹೇಳಲಿಲ್ಲ. ನನಗೂ ಇವತ್ತಿನವರೆಗೆ ಅದು ಬಗೆಹರಿದಿಲ್ಲ.

ಮಾವ ರೂಮು ಕಟ್ಟಿಸಲಿಲ್ಲ. ಒಳಗೆ ಬಿದ್ದಿದ್ದ ಕಲ್ಲನ್ನೆಲ್ಲ ತಾವೇ ಮಂಕರಿಯಲ್ಲಿ ಎತ್ತಿ ಹಾಕಿದರು, ಹೂಳು ತೆಗೆಸಿದರು. ಮಾಡಿನ ನೀರೆಲ್ಲ ಒಂದು ಗುಂಡಿಯ ಮರಳು ಜಲ್ಲಿಯಲ್ಲಿ ಇಂಗಿ ಬಾವಿಗೆ ಹೋಗುವಂತೆ ಪೈಪು ಹಾಕಿಸಿದರು. ಹೇಗೆಂದು ಬರೆದುಕೊಟ್ಟವಳು ನಾನು. ಹಳ್ಳ ಉಳಿದಿದ್ದಷ್ಟು ದೂರವನ್ನು ನನ್ನ ಗುಬ್ಬಿಯ ವಿದ್ಯಾರ್ಥಿಗಳು ಎರಡು ಭಾನುವಾರ ಬಂದು ಕಸ ಹೂಳು ತೆಗೆದು ಬಿಡಿಸಿಕೊಟ್ಟರು. ಅಕ್ಕಪಕ್ಕದವರು ಮೊದಲು ನಕ್ಕು, ಆಮೇಲೆ ಗುದ್ದಲಿ ತಂದರು. ಎರಡು ವರ್ಷ ಬಿಟ್ಟು ಒಳ್ಳೆ ಮಳೆ ಬಂದಾಗ ಬಾವಿಯಲ್ಲಿ ಆಳೆತ್ತರ ನೀರು ನಿಂತಿತು. ಸೊಳ್ಳೆ ಆಗಬಾರದೆಂದು ಮಾವ ಒಂದು ಬಕೆಟ್ಟಿನಲ್ಲಿ ಸಣ್ಣ ಮೀನು ತಂದರು. ಅಜ್ಜಿಗೆ ಆಗ ಕಣ್ಣು ಮಂಜಾಗಿತ್ತು. ಗೋಡೆ ಹಿಡಿದುಕೊಂಡು ಹಿತ್ತಿಲಿಗೆ ಬಂದು ಬಕೆಟ್ಟಿಗೆ ಕೈಯಿಟ್ಟು ತಡೆದಳು.

“ತಡಿಯಲಾ. ಇವು ಯಾವೂರ್ವು, ಎಲ್ಲಿಗ್ ಹೋಗ್ಬೇಕಾದವು ಅಂತ ನಿನ್ ಸೊಸೇನ ಕೇಳ್ಕೊಂಡು ಹಾಕು.”

ಮಾವ ನನ್ನ ಕಡೆ ತಿರುಗಿದರು. ನಾನು ಬಗ್ಗಿ ನೋಡಿ, “ಇವು ಕೆರೆಮೀನು ಅಜ್ಜಿ, ಎಲ್ಲಿಗೂ ಹೋಗಲ್ಲ” ಎಂದೆ. ಅಜ್ಜಿ ಕೈ ತೆಗೆದಳು.